ಗೂಡಿನಲ್ಲಿ ತೆರೆದಿಟ್ಟ ಪುಸ್ತಕ

೧೯೧೪ನೇ ಇಸವಿ ಜುಲೈ ೭, ಮಂಗಳವಾರ. ಚನ್ನಪಟ್ಟಣ.

ದೊಡ್ಡಮಳೂರಿನ ಗಂಗಯ್ಯನ ಮಾತು ಇನ್ನೂ ಕಿವಿಯಲ್ಲಿದೆ. ಅವನ ಮಗಳು ಮಾರಮ್ಮ ಶಾಲೆ ಬಿಟ್ಟು ತಿಂಗಳಾಯಿತು. ಹೀಗೆ ಬಿಟ್ಟ ಮಕ್ಕಳ ಮನೆಗೆ ಹೋಗಿ ತಿಳಿಹೇಳುವ ಕೆಲಸ ಮೇಷ್ಟರಾದ ನನ್ನ ಪಾಲಿಗೆ ಬಂದು ಮೂರು ವರ್ಷ, ಭಾಷಣ ಬಾಯಿಪಾಠವಾಗಿದೆ. ಇಂದೂ ಅವನ ಜಗಲಿಯಲ್ಲಿ ಕುಳಿತು, ಹೆಣ್ಣಿಗೆ ವಿದ್ಯೆ ಏಕೆ ಬೇಕೆಂದು ಬಾಯಿ ಒಣಗುವವರೆಗೆ ಹೇಳಿದೆ.

ಎಲ್ಲ ಕೇಳಿ ಅವನು, "ಅದೆಲ್ಲ ಸರಿ ಸ್ವಾಮಿ, ನಿಮ್ಮನೇವ್ರಿಗೆ ಓದಕ್ ಬತ್ತದಾ?" ಎಂದ. ಗೇಲಿಯಲ್ಲ, ತಿಳಿದುಕೊಳ್ಳಲೆಂದೇ ಕೇಳಿದ. ಕತ್ತಲಾಗುತ್ತದೆಂದು ನೆಪ ಹೇಳಿ ಎದ್ದುಬಂದೆ.

ನನ್ನ ಹೆಂಡತಿ ಸುಬ್ಬಮ್ಮ ಈಗ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಾಳೆ. ಮದುವೆಯಾದಂದಿನಿಂದ ಈ ದಿನಚರಿ ಪುಸ್ತಕ ಅವಳ ಕೈಗೆಟುಕುವ ಗೋಡೆಯ ಗೂಡಿನಲ್ಲೇ ಇದೆ. ಅವಳ ಅಡುಗೆ, ಅವಳ ತವರು, ಅವಳ ಮೇಲಿನ ಸಿಟ್ಟು, ಎಲ್ಲವನ್ನೂ ಅವಳಿಗೆ ಓದಲು ಬಾರದೆಂಬ ಧೈರ್ಯದಲ್ಲಿ ಅವಳೆದುರೇ ಬರೆದಿದ್ದೇನೆ. ಅವಳೇ ಧೂಳೊರೆಸಿ ಇಡುತ್ತಾಳೆ.

"ದಿನಾ ಅದೇನು ಬರೀತೀರಿ?" ಎಂದು ಈಗ ತಾನೇ ಕೇಳಿದಳು. ಸ್ಕೂಲಿನ ವಿಚಾರ ಎಂದೆ.

ಅವಳಿಗೆಂದು ಶಾಲೆಯಿಂದ ಹಳೆಯ ಸ್ಲೇಟೊಂದನ್ನು ತಂದಿದ್ದೇನೆ. ಇನ್ನೂ ಚೀಲದಿಂದ ಹೊರಗೆ ತೆಗೆದಿಲ್ಲ. ನಾಳೆ ತೆಗೆಯುತ್ತೇನೆ. ಅದಕ್ಕೆ ಮೊದಲು ಈ ಪುಸ್ತಕಕ್ಕೊಂದು ಬೀಗದ ಪೆಟ್ಟಿಗೆ ನೋಡಬೇಕು.