ಚಿಲಕವನ್ನೂ ನೋಡಬೇಕು

ಗೊರೇಬಾಳ, ಮಂಗಳವಾರ

ಮಸ್ಕಿಯ ತಂಗಿ ಶಿವರಂಜನಿಗೆ ಗೊರೇಬಾಳದ ಶೇಖರಮ್ಮಜ್ಜಿಯ ಆಶೀರ್ವಾದ.

ಮೊಮ್ಮಗಳ ಫೋನಿನಿಂದ ಬರೆಸಿದರೆ ಮತ್ತೆ ಅಳಿಸಿಬಿಡುತ್ತೀ ಎಂದು ಕಾಗದ ಬರೆದಿದ್ದೇನೆ. ಯಾವ ದವಾಖಾನೆ ಒಳ್ಳೆಯದು ಎಂದು ಜನ ಹೇಳಿಕೊಳ್ಳುವ ನಿನ್ನ ವಾಟ್ಸಾಪ್ ಗುಂಪಿನಲ್ಲಿ ನಾನು ಕೇಳಿದ್ದು ಒಂದೇ ಮಾತು: "ಹೆಣಮಕ್ಕಳಿಗೆ ಚಿಲಕ ಇರೋ ಪಾಯಖಾನಿ ಯಾವ ದವಾಖಾನ್ಯಾಗ ಐತಿ?" ಅದು ಇಲ್ಲಿಯ ವಿಷಯವಲ್ಲ ಎಂದು ನೀನು ತೆಗೆದುಹಾಕಿದೆ.

ವಿಷಯ ಅದೇ ಇತ್ತವ್ವಾ. ನನ್ನ ಹೊಟ್ಟೆನೋವಿಗೆ ಮೂತ್ರಪಿಂಡದಲ್ಲಿ ಹರಳಿರಬಹುದು, ಸ್ಕ್ಯಾನ್ ಮಾಡಿಸು ಎಂದು ಊರಿನ ಡಾಕ್ಟರು ಹೇಳಿದ್ದರು. ಅದಕ್ಕೆ ಹೊಟ್ಟೆ ತುಂಬ ನೀರು ಕುಡಿದು ಕೂಡಬೇಕು, ಮುಗಿದ ಕೂಡಲೇ ಪಾಯಖಾನೆಗೆ ಓಡಬೇಕು. ಸಿಂಧನೂರಿನಲ್ಲಿ ನೀವೆಲ್ಲ ಹೊಗಳಿದ ದವಾಖಾನೆಗೆ ಎರಡು ಸಲ ಹೋದೆ. ಚಿಲಕವಿಲ್ಲದ ಬಾಗಿಲು ನೋಡಿ, ಹನಿ ನೀರೂ ಕುಡಿಯದೆ ವಾಪಸು ಬಂದೆ. ವರ್ಷವಿಡೀ ನೋವು ನುಂಗಿಕೊಂಡಿದ್ದೆ.

ನೀನು ಅಳಿಸುವುದರೊಳಗೆ ಮುದಗಲ್ಲಿನ ಒಬ್ಬಾಕೆ ಅದನ್ನು ಓದಿ ಫೋನ್ ಮಾಡಿದಳು. "ಲಿಂಗಸುಗೂರಿಗೆ ಹೋಗಬೇ ಯವ್ವಾ, ಬಸ್‌ಸ್ಟ್ಯಾಂಡ್ ಹಿಂದಿನ ದವಾಖಾನಿಗೆ. ಚಿಲಕ ನಾನ ಹಾಕಿ ನೋಡೀನಿ, ಗಟ್ಟಿ ಐತಿ!"

ಹೋದೆ, ಎರಡು ಬಾಟಲಿ ನೀರು ಕುಡಿದೆ, ಸ್ಕ್ಯಾನ್ ಆಯಿತು. ಜೋಳದ ಕಾಳಿನಷ್ಟು ಹರಳು, ಗುಳಿಗೆಗೇ ಹೋಯಿತು. ಈಗ ಆರಾಮಾಗಿದ್ದೇನೆ, ಬೈಯುವ ಶಕ್ತಿಯೂ ಪೂರ್ತಿ ಬಂದಿದೆ.

ಡಾಕ್ಟರ ಓದು, ಫೀಸು ಎಲ್ಲ ಕೇಳುವ ನಿನ್ನ ಪಟ್ಟಿಯಲ್ಲಿ ಚಿಲಕವನ್ನೂ ಸೇರಿಸು. ಗುರುವಾರ ನಾನೂ ಮುದಗಲ್ಲಿನಾಕೆಯೂ ಸಿಂಧನೂರಿನ ಉಳಿದ ದವಾಖಾನೆಗಳ ಬಾಗಿಲು ಹಾಕಿ ತೆಗೆದು ನೋಡಲು ಹೊರಟಿದ್ದೇವೆ. ನೀನೂ ಬಾ. ಬರುವಾಗ ಹೊಟ್ಟೆ ತುಂಬ ನೀರು ಕುಡಿದೇ ಬಾ.

ನಿನ್ನ ಮೇಲೆ ಸಿಟ್ಟಿಲ್ಲದ,
ಶೇಖರಮ್ಮ