ಬಾಗಿಲು ತಟ್ಟುವ ಬ್ರೋಕರ್

ಹೊಲಿಗೆ ಕೋಣೆಯಿಂದ,
ಮಾರ್ಚ್ ೯, ಭಾನುವಾರ

ಮುದ್ದಿನ ತಮ್ಮನಿಗೆ,

ಬೆನ್ನುನೋವು ಹೇಗಿದೆಯೋ? ಹಡಗಿನವರಿಗೆಲ್ಲ ಹೊತ್ತುಹೊತ್ತಿಗೆ ಅಡುಗೆ ಮಾಡಿ ಬಡಿಸಿ, ನೀನು ಮಾತ್ರ ಒಲೆ ಪಕ್ಕ ನಿಂತೇ ನಾಲ್ಕು ತುತ್ತು ನುಂಗುತ್ತೀಯ ಎಂದು ನನಗೆ ಗೊತ್ತು. ಕೂತು ತಿನ್ನು. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಣ್ಣು ಸತಾಯಿಸುತ್ತದೆ. ನಿನ್ನ ಭಾವ ಪೋಣಿಸಿಕೊಟ್ಟು, ಮಹಾ ಉಪಕಾರ ಮಾಡಿದವರ ಹಾಗೆ ಕಾಫಿ ಕೇಳುತ್ತಾರೆ.

ಇನ್ನು ನೀನು ಒಪ್ಪಿಸಿದ ಕೆಲಸ. ಹದಿನಾರು ವರ್ಷ ಒಲೆ ಮುಂದೆ ಬೆಂದು ಕೂಡಿಟ್ಟ ದುಡ್ಡು, ಬಾಡಿಗೆ ಬರುವಂಥ ಒಂದು ಮನೆ ಕೊಡಿಸು, ಮೊದಲು ಒಳ್ಳೆ ಬ್ರೋಕರನ್ನು ಹುಡುಕು ಎಂದು ಬರೆದಿದ್ದೆ. ನನಗೆ ಗೊತ್ತಿರುವುದು ಬಟ್ಟೆ ಮಾತ್ರ. ಬಟ್ಟೆಯಾದರೆ ತಿರುಗಿಸಿ ಒಳಗಿನ ಹೊಲಿಗೆ ನೋಡುತ್ತೇನೆ. ಬ್ರೋಕರುಗಳನ್ನೂ ಹಾಗೇ ನೋಡೋಣ ಎಂದು, ಅವರು ಬಾಡಿಗೆಗೆ ಕೊಡಿಸಿದ ಮನೆಗಳಲ್ಲಿ ಇರುವವರನ್ನೇ ವಿಚಾರಿಸಿದೆ. ಅಳತೆ ಕೊಡಲು ಬಂದ ಹೆಂಗಸರು ಬಾಯಿ ಮುಚ್ಚಿಕೊಂಡು ನಿಲ್ಲುತ್ತಾರೆಯೇ? ಎಲ್ಲರೂ ಹೇಳಿದ್ದನ್ನು ಸೋಸಿದಾಗ ಇಬ್ಬರು ಉಳಿದರು.

ಮೊದಲನೆಯವನಿಗೆ ನಾನಿಟ್ಟ ಹೆಸರು ಸೆಂಟಣ್ಣ. ಕಾರಿನಲ್ಲಿ ಕೂರಿಸಿಕೊಂಡು ಹೋಗುವಷ್ಟರಲ್ಲಿ ನನ್ನ ಬಟ್ಟೆಗೂ ಅವನ ಸೆಂಟು ಅಂಟಿತ್ತು. ಐದು ವರ್ಷಕ್ಕೆ ಬೆಲೆ ದುಪ್ಪಟ್ಟು ಎನ್ನುತ್ತಾ ದಾರಿಯುದ್ದಕ್ಕೂ ಅಂಗೈಯಲ್ಲಿ ಅರಮನೆ ತೋರಿಸಿದ. ಎರಡನೇ ಮಹಡಿಯ ಮನೆ, ಗಾಳಿ ಬೆಳಕು ಚೆನ್ನಾಗಿದೆ. ಆದರೆ ಮಾಲೀಕರಿಂದ ತಂದಿದ್ದ ಕೀಲಿ ಹಾಕಿ ಸೀದಾ ಬಾಗಿಲು ತೆಗೆದುಬಿಟ್ಟ. ಒಳಗೆ ಬಾಡಿಗೆಗಿರುವ ಅಜ್ಜಿ ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದವರು ಬೆಚ್ಚಿ ಗೋಡೆಗೆ ಒತ್ತಿ ನಿಂತರು. "ಬನ್ನಿ ಮೇಡಂ, ಇವರೇನೂ ಅನ್ಕೊಳಲ್ಲ" ಎಂದ. ನನಗೆ ಹೊಸಿಲು ದಾಟಲು ಆಗಲಿಲ್ಲ. ನಿನಗೆ ನೆನಪಿರಲಾರದು, ಮೂರು ವರ್ಷದವನು ನೀನು. ನಮ್ಮ ಬಾಡಿಗೆ ಮನೆಗೂ ಒಬ್ಬ ಬ್ರೋಕರ್ ಹೀಗೇ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಬಂದಿದ್ದ. ಸೋಪಿನ ನೊರೆಯಲ್ಲಿದ್ದ ನಿನ್ನನ್ನು ಅವಚಿಕೊಂಡು ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅವಳ ಮುಖ ನೆನೆದರೆ ಈಗಲೂ ನನಗೆ ಅಳು ಬರುತ್ತದೆ.

ಎರಡನೆಯವರು ಮೊದಲು ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರಂತೆ, ಎಲ್ಲರೂ ಟೀಚರಮ್ಮ ಎನ್ನುತ್ತಾರೆ. ಅದೇ ಮನೆ ಅವರ ಪಟ್ಟಿಯಲ್ಲೂ ಇತ್ತು. ಹಿಂದಿನ ದಿನವೇ ಅಜ್ಜಿಗೆ ಫೋನ್ ಮಾಡಿದ್ದರು. ಕೀಲಿ ಕೈಯಲ್ಲೇ ಇದ್ದರೂ ಬಾಗಿಲು ತಟ್ಟಿ, "ಬನ್ನಿ" ಅನ್ನುವವರೆಗೆ ಕಾದರು. ಬಚ್ಚಲ ಗೋಡೆಯ ಹಸಿಯನ್ನು ನಾನು ನೋಡುವ ಮೊದಲೇ ತೋರಿಸಿ, "ಇದನ್ನ ಹೇಳಿ ಬೆಲೆ ಇಳಿಸೋಣ" ಎಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವರನ್ನೂ ಅನುಮಾನದಿಂದಲೇ ನೋಡಿದೆ, ಹುಳುಕು ಸಿಗಲಿಲ್ಲ. ಇವರೇ ಎಂದು ಮನಸ್ಸು ಮಾಡಿಬಿಟ್ಟೆ.

ಬೇರೆಲ್ಲ ಕ್ಷೇಮ. ನಿನ್ನ ಭಾವ ನಿನ್ನನ್ನು ಕೇಳಿದ್ದಾರೆ. ಎಲ್ಲೇ ಇದ್ದರೂ ತಣ್ಣಗಿರು ಕಂದಾ.

ಇಂತಿ,
ನಿನ್ನ ಅಕ್ಕ

ಮತ್ತೆ: ಮರೆತಿದ್ದೆ ಅಂದರೆ ಸುಳ್ಳಾದೀತು, ಬರೆಯಲು ಧೈರ್ಯ ಬರಲಿಲ್ಲ. ಮನೆ ನೋಡಿ ಬಂದ ಮೇಲೆ ಆಫೀಸಿನಲ್ಲಿ ಕೂರಿಸಿಕೊಂಡು, ನಿಮ್ಮ ತಮ್ಮನಿಗೆ ಎಂಥ ಮನೆ ಬೇಕು ಎಂದು ಟೀಚರಮ್ಮ ಕೇಳಿದಾಗ, ನಾನು ಮಹಾ ಜಾಣೆ, ನಿನ್ನ ಕಾಗದವನ್ನೇ ಗಟ್ಟಿಯಾಗಿ ಓದಿದೆ. "ಒಳಗೆ ಯಾರಿದ್ದರೂ ಮೊದಲು ಖಾಲಿ ಮಾಡಿಸು, ಹೊಸಬರಾದರೆ ಬಾಡಿಗೆ ಏರಿಸಬಹುದು" ಎಂಬ ಸಾಲೂ ಬಾಯಿಂದ ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡೆ. ಅವರು ಫೈಲು ಮುಚ್ಚಿದರು. "ಹನ್ನೊಂದು ವರ್ಷದಿಂದ ಇದ್ದಾರಮ್ಮ ಆ ಅಜ್ಜಿ. ಅವರನ್ನ ಎಬ್ಬಿಸೋದು ನನ್ನ ಕೈಲಾಗಲ್ಲ. ತಮ್ಮನ್ನ ಕೇಳ್ಕೊಂಡು ಬನ್ನಿ, ಆಮೇಲೆ ನಾನು ನಿಮ್ಮ ಕೆಲಸ ಮಾಡ್ಕೊಡ್ತೀನೋ ಇಲ್ವೋ ಹೇಳ್ತೀನಿ" ಎಂದರು. ಬ್ರೋಕರನ್ನು ಆರಿಸಲು ಹೋದವಳು ನಾನೇ ಪರೀಕ್ಷೆಗೆ ಕೂತ ಹಾಗಾಯಿತು. ದುಡ್ಡು ನಿನ್ನದು, ಬೆವರೂ ನಿನ್ನದು. ಸೆಂಟಣ್ಣನೇ ಬೇಕೆಂದರೆ ಅವನಿಗೇ ಹೇಳುತ್ತೇನೆ. ಮುಂದಿನ ಬಂದರು ಸಿಕ್ಕ ಕೂಡಲೇ ಉತ್ತರ ಬರೆ. ಆದರೆ ಎದ್ದು ಬರುವಾಗ ನಾನು, "ನನ್ನ ತಮ್ಮ ಅಂಥವನಲ್ಲಮ್ಮ" ಅಂದು ಬಂದಿದ್ದೇನೆ ಕಣೋ. ನನ್ನ ಮಾತು ಸುಳ್ಳು ಮಾಡಬೇಡ.