ಕಮರದ ಕಾಡಿನಲ್ಲಿ ಓಗೊಟ್ಟದ್ದು

ಹಿರಿಯೂರು ತಾಲ್ಲೂಕು, ೧೨-೨-೭೪

ಬಬ್ಬೂರಿನ ಅಕ್ಕ ಮುದ್ದಕ್ಕನಿಗೆ ಚಿತ್ತಮ್ಮನ ನಮಸ್ಕಾರ.

ತಮ್ಮ ಎತ್ತಪ್ಪನ ತಿಥಿ ಮುಗಿದ ಮೇಲೆ ಕುರಿಯ ಹಿಂದೆ ಅಪ್ಪನ ಜೊತೆ ನಾನೇ ಹೋಗುತ್ತಿದ್ದೇನೆ. ನಿನ್ನೆ ಬೆಳಗಿನಿಂದ ಸಂಜೆಯವರೆಗೆ ಕಮರದ ಮರಗಳ ಕಾಡಿನಲ್ಲಿ ನಡೆದೆವು. ಅಲ್ಲಿ ಮುಂದಿನವರು ಕೂಗಿದರೆ ಹಿಂದಿನವರು ಓಗೊಡುವ ತನಕ ಯಾರೂ ಹೆಜ್ಜೆ ಕೀಳುವುದಿಲ್ಲ, ನಿನಗೆ ಗೊತ್ತಲ್ಲ. ಮರ ಒತ್ತಾದ ಕಡೆ ಅಪ್ಪ "ಲೇ ಎತ್ತಪ್ಪಾ!" ಎಂದು ಕೂಗಿ ನಿಂತುಬಿಟ್ಟ. ಕುರಿಗಳೂ ನಿಂತವು. ನಾನು ದನಿ ದಪ್ಪ ಮಾಡಿಕೊಂಡು "ಓ" ಎಂದೆ. ಅಪ್ಪ ತಿರುಗಿ ನೋಡದೆ ನಡೆದ. ದಾರಿಯುದ್ದಕ್ಕೂ ಹಾಗೇ ಕೂಗಿದ, ನಾನೂ ಓಗೊಟ್ಟೆ.

ಹಟ್ಟಿಗೆ ಬಂದ ಮೇಲೆ ಅಪ್ಪನೇ ಬಿಸಿನೀರು ಕಾಯಿಸಿ ಕೊಟ್ಟು, "ಗಂಟಲು ನೋಯ್ತೈತೇನವ್ವಾ ಚಿತ್ತಮ್ಮ?" ಎಂದ.

ಕುರಿ ಕಾಯಲು ಭಾವನನ್ನು ಕಳುಹಿಸುತ್ತೇನೆ ಎಂದಿದ್ದೆಯಲ್ಲ, ಬೇಡ. ಒಂದಿಷ್ಟು ಜೇನುತುಪ್ಪ ಕಳುಹಿಸು.

ನಿನ್ನ ತಂಗಿ,
ಚಿತ್ತಮ್ಮ